ಐವತ್ತೈದನೇ ನಿಮಿಷ

ಒಬ್ಬ ಮನುಷ್ಯನ ಮಾತನ್ನು ಐವತ್ತೈದನೇ ನಿಮಿಷಕ್ಕೆ ಸರಿಯಾಗಿ, ಒಂದು ಕ್ಷಣ ಹಿಂದೆ ಮುಂದೆ ಆಗದಂತೆ ಕತ್ತರಿಸುವುದರಲ್ಲಿ ಎಂಥ ಸುಖವಿದೆ ಎನ್ನುವುದು ಕತ್ತರಿಸಿದವರಿಗೇ ಗೊತ್ತು. ಆ ಸುಖವನ್ನು ನಾನು ಹೆಚ್ಚೂಕಡಿಮೆ ಒಂದೂವರೆ ವರ್ಷ, ಭಾನುವಾರ ತಪ್ಪದೆ ಅನುಭವಿಸಿದ್ದೇನೆ. ಅದಕ್ಕಾಗಿ ನಾಚಿಕೆಯಾಗಲಿಲ್ಲವೇ ಎಂದು ಈಚೆಗೆ ಒಬ್ಬರು ಕೇಳಿದರು. ಆಗಲಿಲ್ಲ ಎಂದೆ. ಈಗಲೂ ಅದೇ ಮಾತು.

ಮಲೇಷ್ಯಾದಲ್ಲಿರುವ ಕನ್ನಡಿಗರಿಗೆಂದು ನಾವು ಕೆಲವರು ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ರೇಡಿಯೋ ನಡೆಸುತ್ತೇವೆ. ಸಂಬಳವಿಲ್ಲ, ಎಲ್ಲರೂ ಬಿಡುವಿನ ಹೊತ್ತಿನಲ್ಲಿ ದುಡಿಯುವವರೇ. ಕೌಲಾಲಂಪುರದಲ್ಲಿ ಒಂದು ಅಂಗಡಿಯ ಮೇಲಿನ ಬಾಡಿಗೆ ಕೋಣೆ ಅದರ ಮುಖ್ಯ ಕೇಂದ್ರ. ಅದರ ಜೊತೆಗೆ ಪೆನಾಂಗ್, ಕ್ಲಾಂಗ್, ಮಲಕ್ಕಾ, ಜೋಹೋರ್, ಹೀಗೆ ನಾಲ್ಕು ಊರಿನ ಕೇಂದ್ರಗಳು. ಊರಿನ ಕೇಂದ್ರ ಎಂದರೆ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಪೆನಾಂಗಿನ ಕೇಂದ್ರವೆಂದರೆ ಬಯಾನ್ ಲೆಪಾಸ್ ಬಡಾವಣೆಯ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ಅಕ್ಕಿ ಮೂಟೆ, ಸೂಟ್‌ಕೇಸು ಇಡುವ ಸಣ್ಣ ಕೋಣೆ, ಅದರೊಳಗೆ ಒಂದು ಲ್ಯಾಪ್‌ಟಾಪ್, ಒಂದು ಮೈಕು, ಹೆಡ್‌ಫೋನು ಮತ್ತು ನಾನು. ಕೇಳುಗರು ತಮ್ಮ ಫೋನಿನಲ್ಲಿ ಯಾವ ಊರನ್ನು ಆರಿಸಿಕೊಳ್ಳುತ್ತಾರೋ ಆ ಊರಿನ ಕೇಂದ್ರ ಹಾಕಿದ್ದೇ ಅವರಿಗೆ ಕೇಳಿಸುತ್ತದೆ. ಮುಖ್ಯ ಕೇಂದ್ರದವರು ಕಾರ್ಯಕ್ರಮ ಕಳಿಸಬಹುದು, ಅಷ್ಟೇ. ಗುಂಡಿ ಒತ್ತುವ ಕೈ ನಮ್ಮದು. ಇದು ಅವರಿಗೆ ಯಾವತ್ತೂ ಸರಿಯಾಗಿ ಅರ್ಥವಾಗಿರಲಿಲ್ಲ.

ನನ್ನ ಗಂಡ ಇಲ್ಲಿಯ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರು. ನಾವಿಬ್ಬರೂ ಹುಬ್ಬಳ್ಳಿಯವರು. ರೇಡಿಯೋ ಶುರುವಾದ ಹೊಸದರಲ್ಲಿ ಪೆನಾಂಗಿಗಷ್ಟೇ ಎಂದು ನಾನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಹರಟೆ ಕಾರ್ಯಕ್ರಮ ಮಾಡುತ್ತಿದ್ದೆ. ಯಾರನ್ನಾದರೂ ಕೂರಿಸಿಕೊಂಡು, ಉಳಿದವರು ಫೋನು ಮಾಡಿ ಸೇರಿಕೊಳ್ಳುವಂತೆ ಮಾಡಿ, ಒಂದು ತಾಸು ಮಾತಾಡುವುದು. ಅಡುಗೆಯವಳು ಸಿಗದ ಗೋಳು, ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು, ಆರು ತಿಂಗಳಿಗೆಂದು ಬಂದ ಅತ್ತೆ, ಎಲ್ಲವೂ ಅಲ್ಲಿ ಬರುತ್ತಿತ್ತು. ನಾನು ಮನೆಯಲ್ಲಿ ಹೇಗೆ ಮಾತಾಡುತ್ತೇನೋ ಮೈಕಿನ ಮುಂದೆಯೂ ಹಾಗೆಯೇ ಮಾತಾಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ತಮ್ಮನ ಮನೆಯಲ್ಲಿರುವ ಅವ್ವ ಅಲ್ಲಿಯ ಏಳೂವರೆಗೆ ಚಹದ ಬಟ್ಟಲು ಹಿಡಿದುಕೊಂಡು ಕೇಳುತ್ತಿದ್ದಳು. ನೀನು ಇಲ್ಲೇ ನಮ್ಮ ಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗಾಯಿತು ಎನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ.

ಆರು ತಿಂಗಳಿಗೆ ಕಾರ್ಯಕ್ರಮದ ಸುದ್ದಿ ಹಬ್ಬಿತು. ಇದನ್ನು ಐದೂ ಊರಿಗೆ ಸೇರಿ ಮಾಡೋಣ, ಸಭೆಗೆ ಬನ್ನಿ ಎಂದು ಮುಖ್ಯ ಕೇಂದ್ರದಿಂದ ಕರೆ ಬಂತು. ನಾನು ಹಿಂದಿನ ದಿನವೇ ಕೂತು ಶೇಂಗಾ ಹೋಳಿಗೆ ಮಾಡಿ, ಡಬ್ಬಿ ತುಂಬಿಕೊಂಡು, ಬೆಳಿಗ್ಗೆ ಬಸ್ಸು ಹತ್ತಿ ಕೌಲಾಲಂಪುರಕ್ಕೆ ಹೋದೆ. ಹೆಡ್ಡಿ ನಾನು. ನನ್ನ ಕಾರ್ಯಕ್ರಮಕ್ಕೇ ಹಬ್ಬ ಮಾಡಲು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ.

ಸಭೆಯಲ್ಲಿ ಆತ ಇದ್ದ. ಮೈಸೂರಿನವನು, ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಕಂಠ ಚೆನ್ನಾಗಿತ್ತು, ಅದು ಅವನಿಗೂ ಗೊತ್ತಿತ್ತು. ಎಲ್ಲರೂ ಅವನನ್ನು ಸರ್ ಎಂದೇ ಕರೆಯುತ್ತಿದ್ದರು. ಹೋಳಿಗೆ ಎರಡು ತಿಂದ. ಮೂರನೆಯದಕ್ಕೆ ಕೈಹಾಕುತ್ತಾ, ಕಾರ್ಯಕ್ರಮವನ್ನು ಇನ್ನು ಮೇಲೆ ಮುಖ್ಯ ಕೇಂದ್ರದಿಂದ ತಾನೇ ನಡೆಸುವುದೆಂದು ತೀರ್ಮಾನವಾಗಿದೆ ಎಂದು ತಿಳಿಸಿದ. ನಾನು ಯಾಕೆ ಎಂದು ಕೇಳಿದೆ. ಆಗ ನಗುತ್ತಾ ಹೇಳಿದ: “ನಿಮ್ಮ ಭಾಷೆ ತುಂಬಾ ಚೆನ್ನಾಗಿದೆ ಮೇಡಂ, ಕಾಮಿಡಿಗೆ. ಟಾಕ್ ಶೋ ಅಂದ್ರೆ ಸ್ವಲ್ಪ ಸ್ಟ್ಯಾಂಡರ್ಡ್ ಕನ್ನಡ ಬೇಕಾಗುತ್ತೆ, ಅಲ್ವಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಇವತ್ತಿಗೂ ನನ್ನ ಮೈ ಉರಿಸುವುದು ಅವನ ಮಾತಿಗಿಂತ ಹೆಚ್ಚಾಗಿ ಆ ನನ್ನ ನಗು. ಹಲ್ಲು ಕಿರಿದುಕೊಂಡು, ಖಾಲಿ ಡಬ್ಬಿ ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ. ದಾರಿಯಲ್ಲಿ ಬಸ್ಸು ನಿಂತಲ್ಲಿ ಇಲ್ಲಿಯ ನೊರೆ ಚಹ, ತೆಹ್ ತಾರಿಕ್, ಒಂದು ಲೋಟ ಕುಡಿದೆ, ಅದರ ರುಚಿಯೂ ತಿಳಿಯಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರದು ಯಾವಾಗಲೂ ಒಂದೇ ರಾಗ. “ಬಿಟ್ಟಬಿಡ ಅತ್ಲಾಗ. ಫುಕಟ್ ಸೇವಾ ಮಾಡಾಕ ಹತ್ತೀವಿ, ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ?” ಎಂದರು.

ನಾನು ಬಿಡಲಿಲ್ಲ. ಜಗಳವನ್ನೂ ಆಡಲಿಲ್ಲ. ಜಗಳ ಆಡಿದ್ದರೆ ಹುಬ್ಬಳ್ಳಿಯವರ ಬಾಯಿ ಜೋರು ಎಂದು ಇನ್ನೊಂದು ಸಲ ನಗುತ್ತಿದ್ದರು. ಅದರ ಬದಲು ರೇಡಿಯೋದ ನಿಯಮಾವಳಿಯನ್ನು ತೆಗೆದು ಓದಿದೆ. ಆ ನಿಯಮಗಳನ್ನು ಬರೆದವನೂ ಆತನೇ. ಮುಖ್ಯ ಕೇಂದ್ರದ ಯಾವುದೇ ಕಾರ್ಯಕ್ರಮದ ಕೊನೆಯ ಐದು ನಿಮಿಷ ಊರಿನ ಕೇಂದ್ರಕ್ಕೆ ಸೇರಿದ್ದು, ಅಲ್ಲಿ ಊರಿನ ಪ್ರಕಟಣೆಗಳನ್ನು ಓದಬಹುದು ಎಂದಿತ್ತು. ಯಾವ ಊರಿನವರೂ ಅದನ್ನು ಬಳಸುತ್ತಿರಲಿಲ್ಲ. ಓದಲು ಪ್ರಕಟಣೆಗಳಾದರೂ ಎಲ್ಲಿದ್ದವು?

ಆತ ಕಾರ್ಯಕ್ರಮ ಶುರು ಮಾಡಿದ. ಹತ್ತು ಗಂಟೆಗೆ ಸರಿಯಾಗಿ ನಮಸ್ಕಾರ ಹೇಳಿ, ಅತಿಥಿಗೆ ಎರಡು ಪ್ರಶ್ನೆ ಕೇಳಿ, ನಾಲ್ಕು ಉತ್ತರ ತಾನೇ ಕೊಟ್ಟು ನಡೆಸುತ್ತಿದ್ದ. ಐವತ್ತನಾಲ್ಕನೇ ನಿಮಿಷಕ್ಕೆ ಅವನ ಕೊನೆಯ ಮಾತು ಎಂಬುದೊಂದು ಶುರುವಾಗುತ್ತಿತ್ತು. ವಾರವಿಡೀ ಬರೆದು ತಿದ್ದಿ ಉರುಹೊಡೆದು ಬರುತ್ತಾನೆಂದು ಕೇಳಿದ್ದೆ. ಬದುಕು, ಸಂಬಂಧ, ಬೇರು, ರೆಕ್ಕೆ ಎಂದು ಐದಾರು ನಿಮಿಷ ಹರಿಯುತ್ತಿತ್ತು. ಕಾರ್ಯಕ್ರಮವೇ ಆ ಮಾತಿಗಾಗಿ ಇದ್ದಂತಿತ್ತು.

ಎರಡನೇ ಭಾನುವಾರ ನಾನು ಹೆಡ್‌ಫೋನು ಹಾಕಿಕೊಂಡು ಗಡಿಯಾರ ನೋಡುತ್ತಾ ಕೂತೆ. “ಬದುಕು ಅನ್ನೋದು ಒಂದು...” ಎಂದ. ಐವತ್ತೈದಾಯಿತು. ಕತ್ತರಿಸಿದೆ. ಬದುಕು ಒಂದು ಏನು ಎನ್ನುವುದು ಪೆನಾಂಗಿನ ಕನ್ನಡಿಗರಿಗೆ ಇವತ್ತಿಗೂ ತಿಳಿದಿಲ್ಲ. ಅದರ ಹಿಂದೆಯೇ ನನ್ನ ಮೈಕು ತೆರೆದು ಪ್ರಕಟಣೆ ಓದಿದೆ.

ಪ್ರಕಟಣೆ ಎಲ್ಲಿಂದ ಬಂತು ಎಂದರೆ, ಅದು ನಮ್ಮ ಕಾಂಡೋದ ಲಿಫ್ಟಿನಿಂದ. ಎಂಟನೇ ಮಹಡಿಯ ದಂಪತಿ ಬೆಂಗಳೂರಿಗೆ ಹೋಗಿ ಮುಂದಿನ ವಾರ ಬರುವವರಿದ್ದರು, ಅವರ ಸೂಟ್‌ಕೇಸಿನಲ್ಲಿ ಆರು ಕಿಲೋ ಜಾಗ ಖಾಲಿ ಇತ್ತು. ಯಾರಿಗಾದರೂ ಊರಿನಿಂದ ಏನಾದರೂ ಬೇಕಿದ್ದರೆ ತರುತ್ತೇವೆ ಎಂದು ಲಿಫ್ಟಿನಲ್ಲಿ ಹೇಳಿದ್ದರು. ಇಲ್ಲಿರುವ ಕನ್ನಡಿಗರಲ್ಲಿ ಇದೊಂದು ವಾಡಿಕೆ. ಊರಿಗೆ ಹೋಗುವವರು ಎಷ್ಟು ಕಿಲೋ ಖಾಲಿ ಇದೆ ಎನ್ನುತ್ತಾರೆ, ಬೇಕಾದವರು ತಮ್ಮ ಮನೆಯವರಿಂದ ಪೊಟ್ಟಣ ಅವರಿಗೆ ಮುಟ್ಟಿಸುತ್ತಾರೆ. ಔಷಧಿ ತರುವುದಿಲ್ಲ, ಚಿನ್ನ ತರುವುದಿಲ್ಲ, ಪೊಟ್ಟಣ ಬಿಚ್ಚಿ ನೋಡಿಯೇ ತರುತ್ತಾರೆ. ಅದುವರೆಗೆ ಅದು ಗೊತ್ತಿದ್ದವರ ನಡುವೆ ಮಾತ್ರ ನಡೆಯುತ್ತಿತ್ತು. ನಾನು ಅದನ್ನು ರೇಡಿಯೋದಲ್ಲಿ ಓದಿದೆ, ಅಷ್ಟೇ.

ಐದು ನಿಮಿಷ ಮುಗಿಯುವಷ್ಟರಲ್ಲಿ ಫೋನಿನ ಮೇಲೆ ಫೋನು. ಒಬ್ಬರಿಗೆ ಜೋಳದ ಹಿಟ್ಟು, ಒಬ್ಬರಿಗೆ ಬ್ಯಾಡಗಿ ಮೆಣಸಿನಕಾಯಿ, ಇನ್ನೊಬ್ಬರಿಗೆ ಹೊಸ ವರ್ಷದ ಪಂಚಾಂಗ. ಸರ್ ಮಾತು ಯಾಕೆ ಅರ್ಧಕ್ಕೆ ನಿಂತಿತು ಎಂದು ಒಬ್ಬರೂ ಕೇಳಲಿಲ್ಲ. ನನ್ನ ಹೊಟ್ಟೆಗೆ ಹಾಲೆರೆದಂತಾಯಿತು.

ಕೇಳಿದವನು ಆತನೇ. ಕೊನೆಯ ಮಾತು ಪೆನಾಂಗಿನಲ್ಲಿ ಪೂರ್ತಿ ಬರುತ್ತಿಲ್ಲವಂತೆ, ಸ್ವಲ್ಪ ನೋಡಿಕೊಳ್ಳಿ ಎಂದು ಸಂದೇಶ ಕಳಿಸಿದ. ನಾನು ನಿಯಮದ ಸಂಖ್ಯೆಯನ್ನಷ್ಟೇ ಬರೆದು ಕಳಿಸಿದೆ, ಕೆಳಗೆ ಕೈಮುಗಿಯುವ ಚಿತ್ರ ಹಾಕಿ. ಅದಾದ ಮೇಲೆ ಐವತ್ತನೇ ನಿಮಿಷಕ್ಕೇ ಕೊನೆಯ ಮಾತು ಶುರು ಮಾಡಿ ನೋಡಿದ. ಆದರೆ ಮಾತಿನ ಚಟ ಎಲ್ಲಿ ಹೋದೀತು? ಮತ್ತೆ ಐವತ್ತೈದು ದಾಟಿಯೇ ದಾಟುತ್ತಿತ್ತು. ಅವನು ಎಲ್ಲಿ ಉಸಿರು ಎಳೆಯುತ್ತಾನೆ, ಎಲ್ಲಿ ದನಿ ಇಳಿಸುತ್ತಾನೆ, ಯಾವ ಪದದ ಹಿಂದೆ ಯಾವ ಪದ ಬರುತ್ತದೆ, ಎಲ್ಲ ನನಗೆ ಬಾಯಿಪಾಠವಾಯಿತು. ಅವನ ಹೆಂಡತಿಗೂ ಅಷ್ಟು ಗೊತ್ತಿದ್ದಿರಲಿಕ್ಕಿಲ್ಲ. ನನ್ನ ಪ್ರಕಟಣೆಗಳಲ್ಲಿ ಯಾರೂ ಕೊಂಕು ತೆಗೆಯಬಾರದೆಂದು ಒಂದೊಂದನ್ನೂ ಮೊದಲು ಬರೆದುಕೊಂಡು, ಎರಡು ಸಲ ಗಟ್ಟಿಯಾಗಿ ಓದಿ, ಆಮೇಲೆ ಮೈಕಿನ ಮುಂದೆ ಓದುತ್ತಿದ್ದೆ. ಭಾಷೆಯ ಹೆಸರಿನಲ್ಲಿ ಇನ್ನೊಂದು ಸಲ ನಗಲು ಅವಕಾಶ ಕೊಡಬಾರದಿತ್ತು.

ಮೂರು ತಿಂಗಳಿಗೆ ಐದು ನಿಮಿಷ ಸಾಲದಾಯಿತು. ನಿಯಮಾವಳಿಯಲ್ಲಿ ಇನ್ನೊಂದು ಸಾಲಿತ್ತು. ಮುಖ್ಯ ಕೇಂದ್ರದ ಕಾರ್ಯಕ್ರಮವನ್ನು ಊರಿನ ಕೇಂದ್ರ ಅದೇ ದಿನ ತನಗೆ ಅನುಕೂಲವಾದ ಹೊತ್ತಿಗೆ ಹಾಕಬಹುದು. ನನಗೆ ಮಧ್ಯಾಹ್ನ ಎರಡು ಗಂಟೆ ಬಹಳ ಅನುಕೂಲವೆನ್ನಿಸಿತು. ಭಾನುವಾರ ಎರಡಕ್ಕೆ ಪೆನಾಂಗಿನ ಕನ್ನಡಿಗರು ಉಂಡು ಏಸಿ ಹಾಕಿಕೊಂಡು ಗೊರಕೆ ಹೊಡೆಯುತ್ತಿರುತ್ತಾರೆ. ಅವನನ್ನು ಅಲ್ಲಿಗೆ ತಳ್ಳಿದೆ. ಬೆಳಿಗ್ಗೆ ಹತ್ತಕ್ಕೆ ಒಂದು ತಾಸು ನನ್ನ ಸೂಟ್‌ಕೇಸಿನ ಪ್ರಕಟಣೆಗಳು, ಅದಕ್ಕೆ ಕಿಲೋ ಸುದ್ದಿ ಎಂದು ಹೆಸರಿಟ್ಟೆ. ಎರಡು ಗಂಟೆಗೆ ಯಾರು ಫೋನು ಮಾಡುತ್ತಾರೆ? ಮಾಡಿದರೂ ಅದು ಬೆಳಿಗ್ಗೆಯೇ ಮುಗಿದುಹೋದ ಮಾತು. ಕರೆಗಳಿಲ್ಲದ ಹರಟೆ ಉಪ್ಪಿಲ್ಲದ ಸಾರು. ಪೆನಾಂಗಿನಿಂದ ಅವನಿಗೆ ಒಂದೇ ಒಂದು ಕರೆ ಹೋಗದಂತಾಯಿತು.

ಅವ್ವನಿಗೆ ಮಾತ್ರ ಇದರಲ್ಲಿ ರುಚಿ ಸಿಗಲಿಲ್ಲ. ಯಾರೋ ಯಾರಿಗೋ ಚೀಲ ಹೊತ್ತು ತರುವುದನ್ನು ಕೇಳಿ ತನಗೇನಾಗಬೇಕು ಎಂದಳು. ತಮ್ಮ ಅವಳ ಫೋನನ್ನು ಕೌಲಾಲಂಪುರಕ್ಕೆ ತಿರುಗಿಸಿಕೊಟ್ಟ. ಅವಳು ಅಲ್ಲಿ ಆ ಸರ್‌ನನ್ನು ಕೇಳುತ್ತಿದ್ದಳು. ನನಗೆ ಸಿಟ್ಟು ಬಂತು, ಆದರೆ ಅವ್ವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು? ಒಂದು ದಿನ ನೀನು ಮತ್ತೆ ನನ್ನನ್ನೇ ಕೇಳುತ್ತೀಯಂತೆ ಎಂದಷ್ಟೇ ಹೇಳಿದೆ.

ಕ್ಲಾಂಗಿನ ಕೇಂದ್ರ ನಡೆಸುವವರು ಬಂದರಿನಲ್ಲಿ ಸರಕು ಸಾಗಣೆಯ ಕೆಲಸದಲ್ಲಿದ್ದಾರೆ, ಬೆಂಗಳೂರಿನವರು. ಕಿಲೋ ಸುದ್ದಿ ಅವರಿಗೆ ತಾನಾಗಿ ಹಿಡಿಸಿತು. ಊರಿಗೆ ಪೂರ್ತಿ ವಾಪಸು ಹೋಗುವ ಸಂಸಾರಗಳು ಒಂದೇ ಕಂಟೇನರನ್ನು ಹಂಚಿಕೊಂಡು ಸಾಮಾನು ಕಳಿಸುವ ಸುದ್ದಿಯನ್ನೂ ಸೇರಿಸಿ, ಅವರೂ ಹತ್ತು ಗಂಟೆಗೆ ಅದನ್ನೇ ಹಾಕಿದರು. ಸರ್ ಅಲ್ಲಿಯೂ ಮಧ್ಯಾಹ್ನಕ್ಕೆ ಹೋದ, ಅವನ ಕೊನೆಯ ಐದು ನಿಮಿಷವೂ ಅಲ್ಲಿ ಹೋಯಿತು. ಆರು ತಿಂಗಳಿಗೊಮ್ಮೆ ನಡೆಯುವ ಸಭೆಯಲ್ಲಿ ಐದರಲ್ಲಿ ಮೂರು ಕೇಂದ್ರಗಳು ಬೇಡವೆಂದರೆ ಕಾರ್ಯಕ್ರಮ ನಿಲ್ಲಬೇಕೆಂಬುದೂ ನಿಯಮ. ನನಗೆ ಇನ್ನೊಂದು ಕೇಂದ್ರ ಬೇಕಿತ್ತು.

ಜೋಹೋರ್‌ನವರು ಅವನ ನೆಂಟರು, ಅಲ್ಲಿ ಬೇಳೆ ಬೇಯುವಂತಿರಲಿಲ್ಲ. ಉಳಿದದ್ದು ಮಲಕ್ಕಾ. ಅದನ್ನು ನಡೆಸುವವರು ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು, ಉಡುಪಿ ಕಡೆಯ ಹೆಂಗಸು. ಬಹಳ ನ್ಯಾಯವಂತೆ. ಕೊನೆಯ ಐದು ನಿಮಿಷ ನಿಯಮದಲ್ಲಿ ಉಂಟು, ಅದನ್ನು ನಾನೂ ತೆಗೆದುಕೊಳ್ಳುತ್ತೇನೆ, ಆದರೆ ಕಾರ್ಯಕ್ರಮದ ಹೊತ್ತು ಬದಲಿಸುವುದಿಲ್ಲ, ಅದು ಸರಿಯಲ್ಲ ಎಂದುಬಿಟ್ಟರು. ನಾನು ಎರಡು ಸಲ ಕಡ್ಡಿ ಆಡಿಸಿ ನೋಡಿದೆ. ಆಕೆ ಜಗ್ಗಲಿಲ್ಲ.

ಕೊನೆಗೆ ಕೆಲಸ ಮಾಡಿಕೊಟ್ಟವನು ಆತನೇ. ಕಿಲೋ ಸುದ್ದಿ ಅವನನ್ನು ಒಳಗೊಳಗೇ ಕೊರೆಯುತ್ತಿತ್ತೆಂದು ಕಾಣುತ್ತದೆ. ಒಂದು ಭಾನುವಾರ ಕೊನೆಯ ಮಾತಿನಲ್ಲಿ ಅದನ್ನು ಎತ್ತಿಕೊಂಡ. ರೇಡಿಯೋ ಅಂದರೆ ಏರ್‌ಪೋರ್ಟಿನ ಲಗೇಜು ಕೌಂಟರಲ್ಲ, ಹಪ್ಪಳ ಉಪ್ಪಿನಕಾಯಿ ಬೇಕಾದವರು ನಮ್ಮ ಕಾರ್ಯಕ್ರಮ ಕೇಳಬೇಡಿ ಎಂದ. ಅಷ್ಟಕ್ಕೆ ಐವತ್ತೈದಾಯಿತು. ಪೆನಾಂಗ್, ಕ್ಲಾಂಗ್, ಮಲಕ್ಕಾ ಮೂರೂ ಕಡೆ ಮಾತು ಅಲ್ಲಿಗೇ ನಿಂತಿತು.

ಹೆಡ್‌ಫೋನಿನಲ್ಲಿ ನನಗೆ ಮುಂದಿನದೂ ಕೇಳಿಸಿತು. ಅವನು ನಕ್ಕು, “ತಮಾಷೆಗೆ ಹೇಳ್ದೆ ಕಣ್ರೀ, ನಮ್ಮಮ್ಮನ ಹಪ್ಪಳ ತಂದ್ಕೊಡೋರಿದ್ರೆ ನಂಗೂ ಹೇಳಿ” ಎಂದಿದ್ದ. ದನಿಯಲ್ಲಿ ನಿಜವಾದ ಆಸೆಯಿತ್ತು. ಅದನ್ನು ಕೇಳಿದ್ದು ಕೌಲಾಲಂಪುರ, ಜೋಹೋರ್‌ನವರು ಮತ್ತು ನಾನು. ಕ್ಲಾಂಗ್, ಮಲಕ್ಕಾದವರು ಕತ್ತರಿಸಿದೊಡನೆ ಹೆಡ್‌ಫೋನು ತೆಗೆದಿಡುವವರು.

ಆ ವಾರವೇ ಮಲಕ್ಕಾದ ಡಾಕ್ಟರಿಗೆ ಉಡುಪಿಯಿಂದ ಯಾರದೋ ಸೂಟ್‌ಕೇಸಿನಲ್ಲಿ ಹಲಸಿನ ಹಪ್ಪಳ ಬಂದಿತ್ತಂತೆ. ಸಂಜೆ ಫೋನು ಮಾಡಿದರು. “ಅವರು ಹಾಗೆ ಹೇಳಿದ್ದು ಹೌದಾ ಮಾರಾಯ್ರೇ? ಹಪ್ಪಳ ಅಂದ್ರೆ ಅಷ್ಟು ಸಸಾರವಾ ಅವರಿಗೆ?” ಎಂದರು. ಮುಂದಿನ ಮಾತನ್ನು ನಾನು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನಾನೂ ಕೇಳಿದೆ ಡಾಕ್ಟರೇ, ಬೇಸರವಾಯಿತು ಎಂದೆ. ಸುಳ್ಳು ಹೇಳಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ಆಮೇಲೆ ಆ ತುಂಡು ಮಾತನ್ನು, ನಿಂತ ಕಡೆಗೇ ನಿಲ್ಲಿಸಿ, ಮೂರು ಭಾನುವಾರ ಕಿಲೋ ಸುದ್ದಿಯ ಮೊದಲು ಹಾಕಿದೆ. ನನ್ನದೊಂದು ಪದವನ್ನೂ ಸೇರಿಸಲಿಲ್ಲ. ಆತ ಪೂರ್ತಿ ಧ್ವನಿಮುದ್ರಿಕೆಯನ್ನು ಎಲ್ಲರ ವಾಟ್ಸಾಪ್ ಗುಂಪಿಗೆ ಕಳಿಸಿ, ದಯವಿಟ್ಟು ಕೊನೆಯವರೆಗೆ ಕೇಳಿ ಎಂದು ಬರೆದ. ಒಂದು ತಾಸಿನ ಧ್ವನಿಮುದ್ರಿಕೆಯನ್ನು ಯಾವ ಪುಣ್ಯಾತ್ಮ ತೆರೆದು ಕೇಳುತ್ತಾನೆ?

ಸಭೆ ಈ ಸಲ ಕಂಪ್ಯೂಟರಿನ ಪರದೆಯ ಮೇಲೆಯೇ ನಡೆಯಿತು. ಪೆನಾಂಗ್ ಬೇಡ ಎಂದಿತು, ಕ್ಲಾಂಗ್ ಬೇಡ ಎಂದಿತು, ಮಲಕ್ಕಾದ ಡಾಕ್ಟರು, ನಮ್ಮೂರಿನವರಿಗೆ ನೋವಾಗಿದೆ, ಬೇಡ ಎಂದರು. ಪರದೆಯ ಮೂಲೆಯ ಚೌಕದಲ್ಲಿ ಅವನ ಮುಖ ಕಾಣುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಪಾಪ ಅನ್ನಿಸಲಿಲ್ಲ. ಅನ್ನಿಸಿದ್ದರೆ ಇಲ್ಲಿ ಬರೆಯುತ್ತಿದ್ದೆ. ಹತ್ತು ಗಂಟೆಯ ಆ ಜಾಗವನ್ನು ಯಾರಿಗೆ ಕೊಡುವುದು ಎಂಬ ಮಾತು ಬಂದಾಗ ಕ್ಲಾಂಗಿನವರು ನನ್ನ ಹೆಸರು ಹೇಳಿದರು. ಮೊದಲು ಈ ಹರಟೆ ಶುರು ಮಾಡಿದ್ದೇ ಅವರಲ್ಲವೇ ಎಂದರು. ಎರಡು ವರ್ಷದ ಮೇಲೆ ಒಬ್ಬರ ಬಾಯಲ್ಲಿ ಆ ಮಾತು ಬಂತು. ಆತ ತಲೆ ಎತ್ತಿ, “ಆಲ್ ದಿ ಬೆಸ್ಟ್ ಮೇಡಂ” ಎಂದ. ಈ ಸಲ ನಗಲಿಲ್ಲ. ನಾನು ನಕ್ಕೆ.

ಮೊದಲ ಭಾನುವಾರಕ್ಕೆ ವಾರವಿಡೀ ತಯಾರಿ ಮಾಡಿದೆ. ಬಯಾನ್ ಲೆಪಾಸ್‌ನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ಇಬ್ಬರು ಹೆಂಗಸರನ್ನು ಕರೆದಿದ್ದೆ. ಪ್ರಶ್ನೆಗಳನ್ನು ಬರೆದುಕೊಂಡೆ, ತಿದ್ದಿದೆ, ಗಟ್ಟಿಯಾಗಿ ಓದಿಕೊಂಡೆ. ಐದು ನಿಮಿಷದ ನಿಯಮವನ್ನು ಆ ದಿನದ ಮಟ್ಟಿಗೆ ಬಿಡಿ ಎಂದು ಉಳಿದ ಊರಿನವರಿಗೆಲ್ಲ ಮೊದಲೇ ಹೇಳಿದ್ದೆ, ಎಲ್ಲರೂ ಒಪ್ಪಿದ್ದರು. ಹೆಸರು ಹೇಳಿಕೊಳ್ಳದೆ ನೇರ ಮಾತಿಗೆ ಇಳಿಯುವುದು ನನ್ನ ಹಳೆಯ ಅಭ್ಯಾಸ, ಅದನ್ನು ಬಿಡಲಿಲ್ಲ. ಒಂದು ತಾಸು ಹೋದದ್ದೇ ತಿಳಿಯಲಿಲ್ಲ. ಐದೂ ಊರಿನಿಂದ ಕರೆಗಳು ಬಂದವು. ಕೊನೆಗೆ ನಾನೂ ಎರಡು ಮಾತು ಹೇಳಿದೆ, ಅದು ಐವತ್ತೊಂಬತ್ತನೇ ನಿಮಿಷದವರೆಗೆ ನಡೆಯಿತು. ಹೆಡ್‌ಫೋನು ತೆಗೆದಾಗ ಕಿವಿ ಬಿಸಿಯಾಗಿತ್ತು. ಎಷ್ಟು ನೀಟಾಗಿ ಮಾತಾಡ್ತೀರಿ ಮೇಡಂ ಎಂದು ಕೌಲಾಲಂಪುರದಿಂದ ಸಂದೇಶಗಳು ಬರತೊಡಗಿದವು. ಒಂದೊಂದನ್ನೂ ಎರಡೆರಡು ಸಲ ಓದಿದೆ. ಅವನ ಗೆಳೆಯರೇ ಕಳಿಸಿದ್ದನ್ನು ಮೂರು ಸಲ ಓದಿದೆ.

ಆಮೇಲೆ ಹುಬ್ಬಳ್ಳಿಗೆ ಫೋನು ಮಾಡಿದೆ. ಈ ಭಾನುವಾರ ರೇಡಿಯೋದಲ್ಲಿ ಬರುತ್ತೇನೆ ಎಂದು ಅವ್ವನಿಗೆ ಮೊದಲೇ ಹೇಳಿದ್ದೆ, ಎಷ್ಟು ಗಂಟೆಗೆ ಎಂದು ಹೇಳಿರಲಿಲ್ಲ. ಹೇಗಿತ್ತು ಅವ್ವಾ ಎಂದು ನಾನು ಕೇಳುವ ಮೊದಲೇ ಅವಳು ಶುರು ಮಾಡಿದಳು. ಏಳೂವರೆಯಿಂದ ಫೋನಿನ ಮುಂದೆಯೇ ಕೂತಿದ್ದಾಳಂತೆ, ಚಹ ಆರಿ ಹೋಗಿದೆಯಂತೆ, ಸ್ನಾನಕ್ಕೂ ಏಳಲಿಲ್ಲವಂತೆ.

“ಇವತ್ತ ಯಾರೋ ಹೊಸಾಕಿ ಬಂದಿದ್ಲು. ಚಲೋ ಮಾತಾಡ್ತಾಳ ಬಿಡು, ಥೇಟ್ ಆ ಸರ್ ಮಾತಾಡಿದಂಗ. ಅದಿರ್ಲಿ, ನೀ ಯಾವಾಗ ಬರಾಕಿ?”

ಇನ್ನೂ ಹೊತ್ತಿದೆ, ನೀನು ಮೊದಲು ಸ್ನಾನ ಮಾಡು ಎಂದು ಹೇಳಿ ಫೋನು ಇಟ್ಟೆ. ಅಳು ಬರಬೇಕಿತ್ತು, ಬರಲಿಲ್ಲ. ಆ ಸಣ್ಣ ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ. ಅವ್ವ ಹೇಳಿದ ಈ ಮಾತು ಯಾವ ಕಾರಣಕ್ಕೂ ಅವನ ಕಿವಿಗೆ ಬೀಳಬಾರದು.